ಬರದಾಯಿಯ ತಂದೆಯ ಹೆಸರು

ಬಾಸೆಲ್, ಶುಕ್ರವಾರ ರಾತ್ರಿ

ಅಕ್ಕಾ,

ದೊಡ್ಡಪ್ಪ ವಂಶಾವಳಿಯ ಪುಸ್ತಕವನ್ನು ಅಚ್ಚಿಗೆ ಕೊಡುವ ಮೊದಲು ಇದನ್ನು ಓದಿಬಿಡು. ಫೋನಿನಲ್ಲಿ ಹೇಳಿದರೆ ಅವರು ಅರ್ಧ ಕೇಳಿ ಸಿಟ್ಟಿಗೇಳುತ್ತಾರೆ. ಊಟ ಆದಮೇಲೆ ನೀನೇ ಸಾವಕಾಶ ಹೇಳು: ನಮ್ಮ ಬರದಾಯಿ ದೇಸಾಯರ ಮಗಳು ಅನ್ನುವುದಕ್ಕೆ ಇಲ್ಲಿ ಒಂದಕ್ಷರದ ಆಧಾರವೂ ಇಲ್ಲ.

ಬಾಸೆಲ್ ಮಿಶನ್ನಿನ ಮನೆ ಸಿಗುವುದು ಕಷ್ಟವಲ್ಲ. ಊರಿನ ಹಳೇ ಕೋಟೆಬಾಗಿಲು ಸ್ಪಾಲೆನ್‌ಟೋರ್ ದಾಟಿದರೆ ಮಿಶನ್ ರಸ್ತೆ, ಅದರಲ್ಲಿ 21ನೇ ನಂಬರು. 1815ರಲ್ಲಿ ಹುಟ್ಟಿದ ಸಂಸ್ಥೆ. 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಪಾದ್ರಿಗಳನ್ನು ಕಳಿಸಿದವರು ಇವರೇ. ಕಿಟ್ಟೆಲ್ ಸಾಹೇಬರೂ ಇಲ್ಲಿಂದ ಬಂದವರೇ. ಈಗ ಕಟ್ಟಡದ ಒಂದು ಪಾಲು ಹೋಟೆಲು. ಗಾಲಿ ಪೆಟ್ಟಿಗೆ ಎಳೆದುಕೊಂಡು ಓಡಾಡುವ ಪ್ರವಾಸಿಗರ ನಡುವೆ ಹಾದು ದಾಖಲೆಗಳ ಕೋಣೆಗೆ ಹೋಗಬೇಕು.

ಅಪ್ಪಾಜಿಯ ಟ್ರಂಕಿನಲ್ಲಿ ಮೋಡಿ ಅಕ್ಷರದ ಕಾಗದಗಳಿದ್ದವಲ್ಲ, ಯಾರಿಗೂ ಓದಲು ಬಾರದೆ ಹಾಗೇ ಉಳಿದವು? ಇಲ್ಲಿಯ ಪಾದ್ರಿಗಳ ಹಳೇ ಜರ್ಮನ್ ಕೈಬರಹದ್ದೂ ಅದೇ ಗತಿ. ಈ ಊರಿನ ಹುಡುಗರಿಗೇ ಅದು ಓದಲು ಬರುವುದಿಲ್ಲ. ನಿವೃತ್ತ ಶಿಕ್ಷಕಿಯೊಬ್ಬರು ನನ್ನ ಪಕ್ಕ ಕೂತು ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ನಮ್ಮ ಊರುಗಳ ಹೆಸರು ಬಂದು ಅವರು ತಡವರಿಸಿದಾಗ ನಾನು ಕೈಹಚ್ಚುತ್ತಿದ್ದೆ.

ಬರದ ಮಕ್ಕಳ ಪಟ್ಟಿಯಲ್ಲಿ ಬರದಾಯಿ ಇದ್ದಾಳೆ. ಶಾಯಿ ಕಂದಾಗಿದೆ. ಹೆಣ್ಣು, ಸುಮಾರು ಏಳು ವರ್ಷ, ಬೆಟಗೇರಿ ಹತ್ತಿರ ದಾರಿಯಲ್ಲಿ ಸಿಕ್ಕಿದ್ದು. ತಂದೆ ತಾಯಿ ಅನ್ನುವ ಕಡೆ ಒಂದು ಅಡ್ಡಗೆರೆ. ನಮಗೆ ಗೊತ್ತಿದ್ದ ಹೆಸರು ಜ್ಞಾನಸ್ನಾನದಲ್ಲಿ ಇಟ್ಟದ್ದು. ಅದರ ಪಕ್ಕ, ಸಣ್ಣ ಅಕ್ಷರದಲ್ಲಿ, ಮೊದಲಿನ ಹೆಸರು. ಶಿಕ್ಷಕಿ ಭೂತಗನ್ನಡಿ ಹಿಡಿದು ‘ನಿಂಗವ’ ಅಂದರು, ಸ್ವಲ್ಪ ತಡೆದು ‘ನೀಲವ’ ಇದ್ದರೂ ಇರಬಹುದು ಅಂದರು. ಕೂಸು ಹೇಳಿದ್ದನ್ನು ಪಾದ್ರಿ ತನಗೆ ಕೇಳಿಸಿದಂತೆ ಬರೆದುಕೊಂಡಿದ್ದಾನೆ. ನಿಂಗವ್ವನೋ ನೀಲವ್ವನೋ, ನಮ್ಮ ಮನೆಯಲ್ಲಿ ಈ ಹೆಸರನ್ನು ಯಾರೂ ಒಮ್ಮೆಯೂ ಎತ್ತಿದ್ದು ನನಗೆ ಗೊತ್ತಿಲ್ಲ. ಆ ಹೆಸರಿನಿಂದ ಜಾತಿ ಹೇಳಲಿಕ್ಕೂ ಆಗದು. ಒಕ್ಕಲಿಗರ ಮನೆಯಲ್ಲೂ ನೇಕಾರರ ಮನೆಯಲ್ಲೂ ಕುರುಬರ ಮನೆಯಲ್ಲೂ ನಿಂಗವ್ವಗಳು ಇದ್ದಾರೆ.

ಆದರೂ ನನ್ನ ಊಹೆ ಹೇಳುತ್ತೇನೆ. 1876ರಲ್ಲಿ ಮಳೆ ಕೈಕೊಟ್ಟಿತು. ಬೆಟಗೇರಿ ನೇಕಾರರ ಊರು. ಬರ ಬಂದರೆ ಎಲ್ಲಕ್ಕಿಂತ ಮೊದಲು ನಿಲ್ಲುವುದು ಮಗ್ಗ. ಜೋಳಕ್ಕೇ ದುಡ್ಡಿಲ್ಲದವರು ಸೀರೆ ಎಲ್ಲಿ ಕೊಳ್ಳುತ್ತಾರೆ? ಮಗ್ಗ ಬಿಟ್ಟವರು ಸರ್ಕಾರದ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೊರಟರೆ ಅಲ್ಲಿ 1877ರಲ್ಲಿ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಕೂಲಿ: ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅಂದರೆ ಅರ್ಧ ಕಿಲೋಗೂ ಕಡಿಮೆ, ಮೇಲೊಂದು ಆಣೆ. 1872ರ ಗಣತಿಗೆ ಹೋಲಿಸಿದರೆ 1881ರಲ್ಲಿ ಧಾರವಾಡ, ಕಲಾದಗಿ ಎರಡೂ ಜಿಲ್ಲೆಗಳಲ್ಲಿ ಜನಸಂಖ್ಯೆಯೇ ಇಳಿದಿತ್ತು. ಹಗೇವಿನಲ್ಲಿ ಜೋಳ ತುಂಬಿಟ್ಟ ವಾಡೆಯ ಕೂಸು ಒಂಟಿಯಾಗಿ ದಾರಿಯಲ್ಲಿ ಸಿಗುವುದಕ್ಕಿಂತ, ಮಗ್ಗ ನಿಂತ ಮನೆಯ ಕೂಸು ಸಿಗುವುದು ಹೆಚ್ಚು ಸಾಧ್ಯ. ಊಹೆ ಅಷ್ಟೇ. ಪುಸ್ತಕದಲ್ಲಿ ಇದನ್ನೂ ಹಾಕಬೇಡಿ.

ಇನ್ನು ದೊಡ್ಡಪ್ಪನ ದೊಡ್ಡ ಸಾಕ್ಷಿ: ಮದುವೆ ರಿಜಿಸ್ಟರು. “ಅದರಾಗ ಅಪ್ಪನ ಹೆಸರು ಐತಲ್ಲ” ಅನ್ನುತ್ತಾರೆ. ಇದೆ, ಹೌದು. ಆದರೆ ಏಳು ವರ್ಷದ ಕೂಸಿಗೆ ಗೊತ್ತಿಲ್ಲದ ತಂದೆಯ ಹೆಸರು ಹದಿನೆಂಟರ ಮದುಮಗಳಿಗೆ ಎಲ್ಲಿಂದ ಬಂತು? ಮಿಶನ್ನಿನ ಅಚ್ಚಾದ ವಾರ್ಷಿಕ ವರದಿಗಳಲ್ಲಿ ಒಂದೊಂದು ಠಾಣೆಯ ಉಪದೇಶಿಗಳ ಪಟ್ಟಿ ಕೊಡುತ್ತಿದ್ದರು. ಆಕೆಯ ಮದುವೆಯ ಹೊತ್ತಿಗೆ ಆಕೆಯ ಠಾಣೆಯಲ್ಲಿದ್ದ ಒಬ್ಬ ಉಪದೇಶಿಯ ಹೆಸರು ಅದೇ, ಕಾಗುಣಿತ ಸಹಿತ. ಧಾರೆ ಎರೆಯುವ ಜಾಗದಲ್ಲಿ ನಿಂತವನನ್ನೇ ಬರೆಯುವವನು ತಂದೆಯ ಕಾಲಮ್ಮಿನಲ್ಲಿ ತುಂಬಿದ್ದಾನೆ ಎಂದು ನನಗೆ ಅನಿಸುತ್ತದೆ. ದೇಸಾಯರ ಮಾತು ಆ ಪುಟದಲ್ಲೂ ಇಲ್ಲ. ನಮ್ಮ ಅಜ್ಜಿಯರ ಕಾಲಕ್ಕೆ ಹೆಣ್ಣು ಕೊಡುವ ತರುವ ಮಾತುಕತೆಯಲ್ಲಿ ಯಾರೋ ಸೇರಿಸಿದ ಮನೆತನ ಅದು.

ನನಗೆ ಸಿಟ್ಟು ಬಂದದ್ದು ಬೇರೆ ಕಡೆ. ಪಾದ್ರಿಗಳು ತಮ್ಮ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ನಮ್ಮ ದೇಶದಿಂದ ಈ ಊರಿಗೆ ಕಳಿಸಿಬಿಡುತ್ತಿದ್ದರು. ಅವರಿಗಾಗಿ ಮಿಶನ್ನೇ ಒಂದು ಮಕ್ಕಳ ಮನೆ ನಡೆಸುತ್ತಿತ್ತು. ಅವೂ ಅಪ್ಪ ಅಮ್ಮನನ್ನು ಬಿಟ್ಟು ಬೆಳೆದ ಕೂಸುಗಳೇ, ಪಾಪ. ಆದರೆ ಅವರ ವಿಷಯದಲ್ಲಿ ಕಾಗದಕ್ಕೆ ಬರವಿಲ್ಲ. ಬರದಾಯಿಗೆ ಸಿಕ್ಕಿದ್ದು ಒಂದು ಸಾಲು: ಯಾವಾಗ ಬಂದಳು, ಯಾವಾಗ ಸ್ನಾನವಾಯಿತು, ಯಾರಿಗೆ ಮದುವೆಯಾದಳು. 1855ರಿಂದ ಇಲ್ಲಿಯ ಸಾಮಾನ್ಯ ಜನ ವಾರವಾರ ಅರ್ಧ ಬಾಟ್ಸೆನ್ ಕಾಸು ಕೂಡಿಸಿ ಮಿಶನ್ನಿಗೆ ಕೊಡುತ್ತಿದ್ದರು. ಆ ಕಾಸಿನ ಲೆಕ್ಕ ಒಪ್ಪಿಸಲು ಅಷ್ಟು ಸಾಲು ಸಾಕಾಗುತ್ತಿತ್ತು ಅಂತ ಕಾಣುತ್ತದೆ. ಆ ಕೂಸಿನ ಅವ್ವ ಯಾರು, ಊರು ಯಾವುದು ಅಂತ ಸುತ್ತಲ ಹಳ್ಳಿಗಳಲ್ಲಿ ಯಾರಾದರೂ ವಿಚಾರಿಸಿದರೇ? ವಿಚಾರಿಸಿದ್ದರೆ ಬರೆದಿಡುತ್ತಿದ್ದರು; ಇವರು ಬರೆಯದೆ ಬಿಡುವ ಪೈಕಿ ಅಲ್ಲ. ಅನ್ನ ಹಾಕಿದರು, ಅಕ್ಷರ ಕಲಿಸಿದರು, ಅದನ್ನು ಮರೆಯಲಾರೆ. ಇದನ್ನೂ ಮರೆಯಲಾರೆ.

ಆದ್ದರಿಂದ ವಂಶಾವಳಿಯಲ್ಲಿ ಆಕೆಯ ಎರಡೂ ಹೆಸರು ಬರಲಿ: ಜ್ಞಾನಸ್ನಾನದ್ದು, ಅದರ ಕೆಳಗೆ ‘ನಿಂಗವ್ವ ಅಥವಾ ನೀಲವ್ವ’. ಮೇಲಿನ ಗೆರೆ ಅಲ್ಲಿಗೇ ನಿಲ್ಲಲಿ. ಉಪದೇಶಿಯ ಹೆಸರನ್ನು ಸಾಕುತಂದೆ ಎಂದು ಕೂಡ ಬರೆಯುವುದು ಬೇಡ, ಅದಕ್ಕೂ ಆಧಾರವಿಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕು. ನಾನು ತಂದಿರುವ ಮದುವೆ ಪುಟದ ಫೋಟೋದಲ್ಲಿ ಬಲಗಡೆ ಅಂಚು ಕತ್ತರಿಸಿಹೋಗಿದೆ, ಸಾಕ್ಷಿದಾರರ ಸಹಿ ಇರುವುದು ಅಲ್ಲೇ. ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರನ್ನು ಕೇಳಿ ಇಡೀ ಪುಟದ ಫೋಟೋ ತೆಗೆದು ವಾಟ್ಸಾಪ್ ಮಾಡು, ಫ್ಲ್ಯಾಶ್ ಹಾಕಬೇಡ. ಸೋಮವಾರ ಒಂದು ದಿನ ಶಿಕ್ಷಕಿ ಮತ್ತೆ ಬರುತ್ತೇನೆ ಅಂದಿದ್ದಾರೆ. ಆಮೇಲೆ ಬೆಂಗಳೂರು, ಅಲ್ಲಿಂದ ರಾತ್ರಿ ರಾಣಿ ಚೆನ್ನಮ್ಮ ಹತ್ತಿ ಹುಬ್ಬಳ್ಳಿ. ದೊಡ್ಡಪ್ಪನಿಗೆ ಚಾಕೊಲೇಟ್ ತಗೊಂಡಿದ್ದೇನೆ, ಸಕ್ಕರೆ ಕಡಿಮೆ ಇರುವುದು.

ನಿನ್ನ ತಂಗಿ