ಸಿಡುಕನ ಪರವಾಗಿ

ಬೇಗ ರೇಗುವವರಿಗೆ ಕನ್ನಡದಲ್ಲಿ ಎರಡು ಬಗೆಯ ಹೆಸರುಗಳಿವೆ. ಕೆಲವು ಪುರಾಣದಿಂದ ಇಳಿದು ಬಂದವು: ದೂರ್ವಾಸ, ಜಮದಗ್ನಿ, ಉಗ್ರನರಸಿಂಹ. ಇನ್ನು ಕೆಲವು ಇಲ್ಲೇ ಹುಟ್ಟಿ ಬೆಳೆದವು. ಅವುಗಳಲ್ಲಿ ನನಗೆ ಹೆಚ್ಚು ನ್ಯಾಯವಾಗಿ ಕಾಣುವುದು 'ಸಿಡುಕ'. ಇದರ ಮೂಲ 'ಸಿಡಿ' ಎಂಬ ಧಾತು. ಸಿಡಿಲು, ಸಿಡಿಮದ್ದು, ಸಿಡಿಮಿಡಿ ಎಲ್ಲ ಸಿಡುಕನ ದಾಯಾದಿಗಳೇ. ಒಗ್ಗರಣೆಯ ಸಾಸಿವೆಗೂ ನಾವು ಬಳಸುವುದು ಇದೇ ಕ್ರಿಯಾಪದ. ಎಣ್ಣೆ ಕಾದೊಡನೆ ಚಟಪಟ ಎನ್ನುತ್ತದೆ, ಒಂದೆರಡು ಕಾಳು ಒಲೆಯಾಚೆ ಹಾರಿ ಕೈ ಸುಡುತ್ತವೆ, ಸೌಟು ಇಳಿಸುವಷ್ಟರಲ್ಲಿ ಸದ್ದೇ ಇರುವುದಿಲ್ಲ. ಧಾತುವಿನಲ್ಲೇ ಕ್ಷಣಿಕತೆ ಇದೆ. ಹಗೆ ಸಾಧಿಸುವವನನ್ನು, ವರ್ಷಗಟ್ಟಲೆ ಒಳಗೇ ಕುದಿಯುವವನನ್ನು ಯಾರೂ ಸಿಡುಕ ಎನ್ನುವುದಿಲ್ಲ. ಮುಂಗೋಪಿಯೂ ಹೀಗೆಯೇ. ಅಲ್ಲಿ ಕೋಪ ಸಂಸ್ಕೃತದ್ದಾದರೂ 'ಮುನ್' ನಮ್ಮದು. ಯೋಚನೆಗಿಂತ ಮುಂದಾಗಿ ಬಂದ ಕೋಪ ಎಂಬಷ್ಟೇ ಅದರ ದೂರು.

ಪುರಾಣದ ಹೆಸರುಗಳಿಗೆ ಈ ಸಂಯಮವಿಲ್ಲ. ಅವು ಒಂದು ಗಳಿಗೆಯ ರೇಗನ್ನು ಹುಟ್ಟುಗುಣವಾಗಿಸಿಬಿಡುತ್ತವೆ. ಹೊಸಪೇಟೆ, ಚಿತ್ತವಾಡ್ಗಿಯವರಿಗೆ ಇದರ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಹಂಪಿಯಲ್ಲಿ ಏಳು ಹೆಡೆಯ ಆದಿಶೇಷನ ಕೆಳಗೆ ಕುಳಿತ, 6.7 ಮೀಟರ್ ಎತ್ತರದ ಏಕಶಿಲಾ ಮೂರ್ತಿಯನ್ನು ಊರೆಲ್ಲ ಉಗ್ರನರಸಿಂಹ ಎನ್ನುತ್ತದೆ. ಆದರೆ 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಪ್ರತಿಷ್ಠೆಯಾದದ್ದು ಲಕ್ಷ್ಮೀನರಸಿಂಹ. ಲಕ್ಷ್ಮಿ ಆತನ ಎಡತೊಡೆಯ ಮೇಲಿದ್ದಳು. ಮೂರ್ತಿ ಭಗ್ನವಾದಾಗ ಅವಳ ವಿಗ್ರಹ ಹೋಯಿತು; ಸ್ವಾಮಿಯ ಬೆನ್ನನ್ನು ಬಳಸಿದ ಅವಳ ಕೈ ಮಾತ್ರ ಇಂದಿಗೂ ಅಲ್ಲೇ ಇದೆ. ಮುಂದೆ ನಿಂತು ನೋಡಿದವರಿಗೆ ಕಾಣುವುದು ಉಬ್ಬಿದ ಕಣ್ಣು, ತೆರೆದ ಬಾಯಿ. ಹೆಸರು ಅದಕ್ಕೆ ತಕ್ಕಂತೆ ಅಂಟಿಕೊಂಡಿತು. ಆ ಕಣ್ಣು, ಬಾಯಿಗಳನ್ನು ಕಡೆದವನು ಶಿಲ್ಪಿಯೇ ಅಲ್ಲವೇ ಎಂದು ಕೇಳಬಹುದು. ಹೌದು, ನರಸಿಂಹನ ಮುಖ ಸಿಂಹದ್ದೇ ಆಗಿರಬೇಕು. ಆದರೆ ಶಿಲ್ಪಿ ಆ ಮುಖದ ಕೆಳಗೆ ಸಂಸಾರವನ್ನೂ ಕೂರಿಸಿದ್ದ.

ಸಿಡುಕುಮೋರೆ ಎಂಬ ಮಾತಿಲ್ಲವೇ, ಅದು ಕ್ಷಣಿಕವಾದದ್ದನ್ನು ಮುಖಕ್ಕೇ ಮೆತ್ತುವುದಿಲ್ಲವೇ ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪಬೇಕಾದ್ದೇ. ಅಚ್ಚಗನ್ನಡವಾದ ಮಾತ್ರಕ್ಕೆ ಪದ ಸಜ್ಜನವಾಗುವುದಿಲ್ಲ. ಆದರೂ ಅದು ಹೇಳುವುದು ಮೋರೆಯ ಮಾತು. ಮನುಷ್ಯನನ್ನೇ ಅವತಾರ ಮಾಡುವುದಿಲ್ಲ. ಸಿಡುಕನ ಇನ್ನೊಂದು ಹಿರಿಮೆಯನ್ನೂ ಹೇಳಬೇಕು. ಅವನಿಗೆ ಸಿಡುಕಿ ಎಂಬ ಸರಿಜೋಡಿ ಇದ್ದಾಳೆ. ಬೈಗುಳದಲ್ಲಿ ಇಂಥ ಸಮಾನತೆ ಅಪರೂಪ. ರೇಗಿದ ಗಂಡಸಿಗೆ ಋಷಿಯ ಪಟ್ಟ ಸಿಕ್ಕರೆ, ದನಿ ಎತ್ತಿದ ಹೆಂಗಸು ಗಯ್ಯಾಳಿ. ಆ ಪದಕ್ಕೆ ಪುಲ್ಲಿಂಗ ರೂಪವೇ ಇಲ್ಲ. ಪೂರ್ಣಚಂದ್ರ ತೇಜಸ್ವಿಯವರು 'ಕಿರಗೂರಿನ ಗಯ್ಯಾಳಿಗಳು' ಎಂದು ಕತೆಗೆ ಹೆಸರಿಟ್ಟು ಅದರ ಮಾನ ತುಸು ಎತ್ತಿದರೇನೋ ನಿಜ, ಆದರೆ ಬೀದಿಯಲ್ಲಿ ಅದು ಇನ್ನೂ ಬೈಗುಳವೇ.