ಮನೆ ಬಿಟ್ಟ ತಾರೀಖು

2022ರಲ್ಲಿ ಮಗಳು ಕ್ಯಾಲಿಫೋರ್ನಿಯಾದಿಂದ ಟೆಕ್ಸಾಸಿಗೆ ಸಂಸಾರ ಸಾಗಿಸಿದಳು. ಮರುವರ್ಷ ತೆರಿಗೆ ಲೆಕ್ಕ ಒಪ್ಪಿಸುವಾಗ ನಾನು ಅವಳ ಬಳಿಯಿದ್ದೆ. ನನ್ನ ಸಂಬಳದಲ್ಲಿ ರಾಜ್ಯಕ್ಕೆಂದು ಹಿಡಿಯುತ್ತಿದ್ದುದು ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ, ಅಷ್ಟೆ. ಅಲ್ಲಿ ಕ್ಯಾಲಿಫೋರ್ನಿಯಾ ತನ್ನದೇ ಆದಾಯ ತೆರಿಗೆ ಕೇಳುತ್ತದೆ. ಟೆಕ್ಸಾಸ್ ಕೇಳುವುದೇ ಇಲ್ಲ. ಊರು ಬಿಟ್ಟ ಮೇಲೂ ಕಂಪನಿಯವರು ಎರಡು ತಿಂಗಳು ಹಳೆಯ ರಾಜ್ಯಕ್ಕೇ ಹಿಡಿದಿದ್ದರು. 540 ಎನ್‌ಆರ್ ಎಂಬ ಫಾರಂ ತುಂಬಿದರೆ ಆ ದುಡ್ಡು ವಾಪಸು. ಆದರೆ ಬಿಟ್ಟ ತಾರೀಖು ಬೇಕು.

"ನೆನಪಿಲ್ಲಮ್ಮ" ಎಂದಳು.

ನನಗಿತ್ತು. ಭೀಮನ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ, ಪೂಜೆಯ ದೀಪದ ಕಂಬ ಒರೆಸುತ್ತಿದ್ದಾಗ ಫೋನು. "ಮನೆ ಖಾಲಿ ಮಾಡಿದ್ವಿ ಅಮ್ಮ" ಎಂದು ಒಂದೇ ಅಳು. ನಮಗೆ ಶುಕ್ರವಾರ, ಅವಳಿಗಿನ್ನೂ ಗುರುವಾರ ರಾತ್ರಿ.

"ಜುಲೈ 28" ಎಂದೆ.

ಬರೆದುಕೊಂಡವಳು ನನ್ನ ಮುಖ ನೋಡಿದಳು. "ಅವತ್ತು ಅಷ್ಟು ಅತ್ತಿದ್ನಾ?"