ಜೆ.ಪಿ. ನಗರದಿಂದ ಕುದುರೆ ಮೈದಾನಕ್ಕೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಲೋಕನಾಯಕ ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತು ನಿಂತಿರುವ ಜೆ.ಪಿ. ನಗರವು ಸಂಸಾರವಂದಿಗರ ಬಡಾವಣೆ. ಬೆಳಗಾಗುತ್ತಲೇ ಸಾರಕ್ಕಿ ಕೆರೆಯ ಏರಿಯ ಮೇಲೆ, ಪುಟ್ಟೇನಹಳ್ಳಿ ಕೆರೆಯ ಸುತ್ತ, ರಾಗಿಗುಡ್ಡದ ಆಂಜನೇಯನ ಗುಡಿಯ ಮೆಟ್ಟಿಲುಗಳ ಬಳಿ ನಡಿಗೆಗೆ ಹೊರಟ ಹಿರಿಯರ ಗುಂಪುಗಳು ಕಾಣಸಿಗುತ್ತವೆ. ಮಾತು ಮಳೆ ಬೆಳೆಯಿಂದ ಹೊರಟು ಮಕ್ಕಳ ಕೆಲಸಕ್ಕೆ, ಅಲ್ಲಿಂದ ಅವರವರ ಕಾಯಿಲೆಗೆ ಬಂದು ನಿಲ್ಲುವುದು ವಾಡಿಕೆ. ಹೃದಯ ದುರ್ಬಲವಾದವರಿಗೆ, ಕಾಲು ಬಾತವರಿಗೆ ವೈದ್ಯರು ಬರೆದುಕೊಡುವ 'ನೀರಿನ ಮಾತ್ರೆ' ಈ ಮಾತುಗಳಲ್ಲಿ ಆಗಾಗ ಬರುತ್ತದೆ. ಅದರ ಶಾಸ್ತ್ರೀಯ ನಾಮ ಫ್ಯೂರೋಸೆಮೈಡ್. ಅಂಗಡಿಯವರು ಬಲ್ಲ ಹೆಸರು ಲ್ಯಾಸಿಕ್ಸ್. ಮೈಯಲ್ಲಿ ನಿಂತ ನೀರನ್ನು ಮೂತ್ರದ ಮೂಲಕ ಹೊರದೂಡಿ, ಶ್ವಾಸಕೋಶದ ಭಾರವನ್ನು ಇಳಿಸುವುದು ಅದರ ಕೆಲಸ. ಮನೆಯ ಅಜ್ಜನ ಡಬ್ಬಿಯಲ್ಲಿರುವ ಇದೇ ಔಷಧಿಯು ಲೋಕದ ಕುದುರೆ ಮೈದಾನಗಳಲ್ಲಿ ಅರ್ಧ ಶತಮಾನದಿಂದ ದೊಡ್ಡ ವಿವಾದವನ್ನು ಎಬ್ಬಿಸಿದೆ ಎಂದರೆ ಅನೇಕರು ನಂಬಲಾರರು.

ಈ ಶಾಂತ ಬಡಾವಣೆಗೂ ಕುದುರೆಗೂ ಏನು ನಂಟು ಎಂದು ಕೇಳಬಹುದು. ನಂಟಿದೆ. ಚಿತ್ರನಟ ಅಂಬರೀಶ್ ಅವರ ಮನೆ ಇದ್ದದ್ದು ಇಲ್ಲಿಯೇ. ಕುದುರೆ ಪಂದ್ಯದ ಮೇಲೆ ಅವರಿಗಿದ್ದ ಒಲವು ನಾಡಿಗೆಲ್ಲ ತಿಳಿದ ಸಂಗತಿ. 2018ರ ನವೆಂಬರಿನಲ್ಲಿ ಅವರು ತೀರಿಕೊಂಡರು. 2023ರಲ್ಲಿ ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಗೆ ಅವರ ಹೆಸರನ್ನೇ ಇಟ್ಟರು. ಹೀಗೆ ಜೆ.ಪಿ. ನಗರದ ನಿವಾಸಿಯೊಬ್ಬರ ಹೆಸರು ಕುದುರೆಗಳು ಓಡುವ ಬೀದಿಯ ಫಲಕವನ್ನು ಏರಿತು.

ಒಂದು ಬೀದಿಯಿಂದ ಮತ್ತೊಂದು ಬೀದಿಗೆ ಹೋಗುವುದು ಈಗ ಸುಲಭ. 2017ರಲ್ಲಿ ಹಸಿರು ಮಾರ್ಗದ ಮೆಟ್ರೋ ರೈಲು ದಕ್ಷಿಣದವರೆಗೆ ಬಂದಮೇಲೆ ಜೆ.ಪಿ. ನಗರದಲ್ಲಿ ಹತ್ತಿದವರು ಬನಶಂಕರಿ, ಜಯನಗರ, ಲಾಲ್‌ಬಾಗುಗಳನ್ನು ಮರಗಳ ತಲೆಯ ಮೇಲಿನಿಂದ ನೋಡುತ್ತ ಸಾಗುತ್ತಾರೆ. ನ್ಯಾಷನಲ್ ಕಾಲೇಜು ದಾಟಿದೊಡನೆ ಗಾಡಿ ನೆಲದೊಳಗೆ ಇಳಿಯುತ್ತದೆ; ಕೃಷ್ಣರಾಜ ಮಾರುಕಟ್ಟೆ, ಚಿಕ್ಕಪೇಟೆಗಳ ಗದ್ದಲವೆಲ್ಲ ತಲೆಯ ಮೇಲೆಯೇ ಉಳಿಯುತ್ತದೆ. ಮೆಜೆಸ್ಟಿಕ್ಕಿನಲ್ಲಿ ಇಳಿದು ಆನಂದರಾವ್ ವೃತ್ತವನ್ನು ಹಾದು ಮುಂದೆ ನಡೆದರೆ ಊರಿನ ನಟ್ಟನಡುವೆ ಹಠಾತ್ತನೆ ಬಯಲೊಂದು ಎದುರಾಗುತ್ತದೆ. ಒಂದು ಬದಿಗೆ ಹಳೆಯ ವೆಸ್ಟ್ ಎಂಡ್ ಹೋಟೆಲಿನ ತೋಪು, ಇನ್ನೊಂದು ಬದಿಗೆ ಸರ್ಕಾರಿ ಕಚೇರಿಗಳು. ನಡುವೆ ಸುಮಾರು 85 ಎಕರೆಗಳ ಹಸಿರು. ಇದೇ ಬೆಂಗಳೂರು ಟರ್ಫ್ ಕ್ಲಬ್ಬಿನ ಪಂದ್ಯದ ಮೈದಾನ.

ಈ ಮೈದಾನದ ಮೇಲೆ ಬೆಂಗಳೂರಿಗೆ ಎರಡು ಬಗೆಯ ಭಾವನೆ. ಸಂಬಳದ ದಿನ ಕೈಯಲ್ಲಿದ್ದುದನ್ನೆಲ್ಲ ಕಳೆದುಕೊಂಡು ಮನೆಗೆ ಬರಲು ನಾಚಿದ ಗಂಡಂದಿರ ಕಥೆಗಳು ಹಳೆಯ ಮನೆಗಳಲ್ಲಿ ಇನ್ನೂ ಉಳಿದಿವೆ. ಅತ್ತ, ಕುದುರೆ ಪಂದ್ಯವು ಬರಿಯ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತಮಿಳುನಾಡಿನ ಮೊಕದ್ದಮೆಯೊಂದರಲ್ಲಿ ತೀರ್ಪು ಕೊಟ್ಟಿತು. ನೆಲದ ಗುತ್ತಿಗೆ 2009ರ ಕೊನೆಗೆ ಮುಗಿದಮೇಲೆ ಮೈದಾನವನ್ನು ಊರ ಹೊರಗೆ ಸಾಗಿಸಬೇಕೆಂಬ ಮಾತು ಸರ್ಕಾರಗಳು ಬದಲಾದಂತೆಲ್ಲ ಮತ್ತೆ ಮತ್ತೆ ಎದ್ದಿದೆ. ಆದರೆ ಹಣ, ನೆಲ, ನ್ಯಾಯಾಲಯ ಎಲ್ಲವೂ ಮನುಷ್ಯರ ಗೊಡವೆ. ಅಲ್ಲಿ ಓಡುವ ಪ್ರಾಣಿಯ ಗೊಡವೆ ಬೇರೆಯೇ ಇದೆ.

ಅದನ್ನು ತಿಳಿಯಬೇಕಾದರೆ ಪಂದ್ಯದ ಮಧ್ಯಾಹ್ನಕ್ಕಿಂತ ಬೆಳಗಿನ ಜಾವವೇ ಮೇಲು. ಕೂಗಾಡುವ ಜನವಿಲ್ಲ, ಬಣ್ಣದ ಅಂಗಿಗಳಿಲ್ಲ. ಲಾಯಗಳಿಂದ ಸಯೀಸರು ಒಂದೊಂದಾಗಿ ಕುದುರೆಗಳನ್ನು ಹೊರಗೆ ತರುತ್ತಾರೆ. ಮೊದಲು ನಡಿಗೆ, ಬಳಿಕ ಕುಕ್ಕುಲೋಟ, ಕೊನೆಗೆ ದೌಡು. ಲಾಳದ ಸದ್ದಿಗಿಂತ ಮುಂದಾಗಿ ಕಿವಿಗೆ ಬೀಳುವುದು ಉಸಿರಿನ ಸದ್ದು. ಕುದುರೆಯು ಬಾಯಿಯಿಂದ ಉಸಿರಾಡಲಾರದು. ಎಲ್ಲವೂ ಮೂಗಿನ ಹೊಳ್ಳೆಗಳಿಂದಲೇ ಆಗಬೇಕು. ದೌಡಾಯಿಸುವಾಗ ಹೆಜ್ಜೆಗೊಂದು ಉಸಿರು. ಲಾಯದಲ್ಲಿ ನಿಂತಾಗ ನಿಮಿಷಕ್ಕೆ 30 ರಿಂದ 40 ಸಲ ಬಡಿಯುವ ಹೃದಯವು ಓಟದ ಬಿರುಸಿನಲ್ಲಿ 220ನ್ನು ಮೀರುತ್ತದೆ. ಅಷ್ಟು ರಭಸದಿಂದ ನುಗ್ಗಿದ ರಕ್ತವನ್ನು ಹೊರಬೇಕಾದವು ಶ್ವಾಸಕೋಶದ ಕೂದಲಿಗಿಂತ ಸಣ್ಣ ನಾಳಗಳು. ಒತ್ತಡ ತಾಳಲಾರದೆ ಅವು ಬಿರಿಯುತ್ತವೆ. ರಕ್ತವು ಉಸಿರಿನ ದಾರಿಗೆ ಜಿನುಗುತ್ತದೆ.

ಮೂಗಿನಿಂದ ರಕ್ತ ಸುರಿಯುವುದು ಅಪರೂಪ. ಆದ್ದರಿಂದ ಬಹುಕಾಲ ಈ ರೋಗ ಕೆಲವೇ ಕುದುರೆಗಳದ್ದೆಂದು ಜನ ತಿಳಿದಿದ್ದರು. ಬೆಳಕಿನ ನಳಿಕೆಯನ್ನು ಮೂಗಿನ ಮೂಲಕ ಇಳಿಸಿ ಗಂಟಲಿನಾಚೆಯ ಶ್ವಾಸನಾಳವನ್ನು ನೋಡುವ ಉಪಾಯ ಬಂದಮೇಲೆ ನಿಜ ಹೊರಬಿತ್ತು. ಓಟ ಮುಗಿಸಿ ಬಂದ ಕುದುರೆಗಳಲ್ಲಿ ಸುಮಾರು ಅರ್ಧದಷ್ಟರ ಶ್ವಾಸನಾಳದಲ್ಲಿ ಒಂದೇ ಪರೀಕ್ಷೆಯಲ್ಲಿ ರಕ್ತ ಕಾಣಿಸಿತು; ಹಲವು ಓಟಗಳ ಬಳಿಕ ನೋಡುತ್ತ ಹೋದರೆ ಬಹುಮಟ್ಟಿಗೆ ಎಲ್ಲವುಗಳಲ್ಲಿಯೂ. ಹೆಚ್ಚಿನವುಗಳಲ್ಲಿ ಅದು ಗೆರೆಯಷ್ಟು. ಕೆಲವುಗಳಲ್ಲಿ ಮಾತ್ರ ಓಟವನ್ನು ಕುಂದಿಸುವಷ್ಟು. ಒಮ್ಮೊಮ್ಮೆ ಪ್ರಾಣವನ್ನು ಕೊಂಡೊಯ್ಯುವಷ್ಟೂ ಉಂಟು.

ಇಲ್ಲಿಗೆ ಅಜ್ಜನ ಮಾತ್ರೆಯ ಪ್ರವೇಶ. 1960ರ ದಶಕದಲ್ಲಿ ಮನುಷ್ಯರ ಚಿಕಿತ್ಸೆಗೆ ಬಂದ ಫ್ಯೂರೋಸೆಮೈಡನ್ನು ಅಮೆರಿಕದ ಪಶುವೈದ್ಯರು ಓಟದ ಕುದುರೆಗಳಿಗೆ ಸೂಜಿಯ ಮೂಲಕ ಕೊಡಲು ತೊಡಗಿದರು. ಪಂದ್ಯಕ್ಕೆ ನಾಲ್ಕು ಗಂಟೆ ಮುಂಚೆ ಕೊಟ್ಟರೆ ಮೈಯ ನೀರು ಇಳಿಯುತ್ತದೆ, ರಕ್ತದ ಒತ್ತಡ ತಗ್ಗುತ್ತದೆ, ನಾಳಗಳು ಬಿರಿಯುವುದು ಕಡಿಮೆಯಾಗುತ್ತದೆ. ಮೊದಲು ರಕ್ತ ಸುರಿಸಿದ ಕುದುರೆಗಳಿಗೆ ಮಾತ್ರ ಇದ್ದ ಮದ್ದು ಕ್ರಮೇಣ ಎಲ್ಲಕ್ಕೂ ಬಂದಿತು. ಒಂದೊಂದು ರಾಜ್ಯವಾಗಿ ಅನುಮತಿ ಕೊಡುತ್ತ ಬಂದು, 1995ರಲ್ಲಿ ಕೊನೆಯದಾಗಿ ನ್ಯೂಯಾರ್ಕ್ ಕೂಡ ಒಪ್ಪಿಕೊಂಡಿತು. ಆ ದೇಶದಲ್ಲಿ ಓಡುತ್ತಿದ್ದ ನೂರು ಕುದುರೆಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಈ ಸೂಜಿಯನ್ನು ಚುಚ್ಚಿಸಿಕೊಂಡೇ ಕಣಕ್ಕಿಳಿಯುವ ಕಾಲ ಬಂದಿತು. ರೋಗ ಬಂದಮೇಲೆ ಕೊಡುವ ಔಷಧಿ ರೋಗ ಬಾರದಿರಲೆಂದು ಕೊಡುವ ಔಷಧಿಯಾಯಿತು. ವಾದ ಹುಟ್ಟಿದ್ದು ಇಲ್ಲಿಯೇ.

ಮದ್ದಿನ ಪರವಾಗಿರುವವರ ಮಾತು ಹಗುರವಾದುದಲ್ಲ. ದಕ್ಷಿಣ ಆಫ್ರಿಕದಲ್ಲಿ 167 ಕುದುರೆಗಳನ್ನು ಒಂದು ಸಲ ಮದ್ದು ಕೊಟ್ಟು, ಇನ್ನೊಂದು ಸಲ ಬರಿಯ ಉಪ್ಪುನೀರು ಕೊಟ್ಟು ಓಡಿಸಿ ನೋಡಿದರು. 2009ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಮದ್ದು ಪಡೆದಾಗ ರಕ್ತಸ್ರಾವ ಸ್ಪಷ್ಟವಾಗಿ ಕಡಿಮೆಯಾಗಿತ್ತು. ಸ್ರಾವ ಕಂಡವುಗಳಲ್ಲಿಯೂ ಅದರ ತೀವ್ರತೆ ಇಳಿದಿತ್ತು. 'ನೋವು ತಪ್ಪಿಸುವ ಉಪಾಯ ಕೈಯಲ್ಲಿದ್ದೂ ಕೊಡದಿರುವುದೇ ಕ್ರೌರ್ಯವಲ್ಲವೆ?' ಎಂದು ಇವರು ಕೇಳುತ್ತಾರೆ. ಮದ್ದಿಲ್ಲದ ಕಾಲದಲ್ಲಿ ಕುದುರೆಗೆ ಓಟದ ಮುಂಚೆ ನೀರು, ಹುಲ್ಲು ಕೊಡದೆ ಒಣಗಿಸುವ ಪದ್ಧತಿ ಇತ್ತೆಂಬುದನ್ನೂ ನೆನಪಿಸುತ್ತಾರೆ.

ವಿರೋಧಿಗಳ ಮಾತು ಇನ್ನೂ ಆಳಕ್ಕೆ ಹೋಗುತ್ತದೆ. ನೀರಿಳಿದ ಕುದುರೆ ಹತ್ತು ಹದಿನೈದು ಕಿಲೋ ಹಗುರವಾಗುತ್ತದೆ; ಹಗುರಾದದ್ದು ವೇಗವಾಗಿ ಓಡುತ್ತದೆ. ಹಾಗಾದರೆ ಅದು ಚಿಕಿತ್ಸೆಯೋ, ಗೆಲ್ಲುವ ಹಂಚಿಕೆಯೋ? ಮೂತ್ರ ತಿಳಿಯಾದರೆ ಅದರಲ್ಲಿ ಬೇರೆ ನಿಷಿದ್ಧ ವಸ್ತುಗಳನ್ನು ಹುಡುಕುವುದೂ ಕಷ್ಟ. ಎಲ್ಲಕ್ಕಿಂತ ಹೆಚ್ಚಾಗಿ, ಓಡಲಾರದ ಕುದುರೆಗೆ ಬೇಕಾದದ್ದು ವಿಶ್ರಾಂತಿಯೇ ಹೊರತು ಸೂಜಿಯಲ್ಲ. ಮದ್ದು ದೌರ್ಬಲ್ಯವನ್ನು ಮುಚ್ಚಿದರೆ ಅದು ಮರಿಗಳಿಗೂ ಇಳಿಯುತ್ತದೆ ಎಂಬುದು ಇವರ ಭಯ.

ಈ ಭಯಕ್ಕೆ ವಿಚಿತ್ರವಾದ ಇತಿಹಾಸವೊಂದಿದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಾರ್ಟ್‌ಲೆಟ್ಸ್ ಚಿಲ್ಡರ್ಸ್ ಎಂಬ ಗಂಡು ಕುದುರೆಯಿತ್ತು. ರಕ್ತನಾಳ ಒಡೆಯುವ ತೊಂದರೆಯಿಂದ ಅದು ಪಂದ್ಯದ ಕಣಕ್ಕೇ ಇಳಿಯಲಿಲ್ಲ. ಜನ ಅದನ್ನು 'ರಕ್ತ ಸುರಿಸುವ ಚಿಲ್ಡರ್ಸ್' ಎಂದೇ ಕರೆದರು. ಓಡದಿದ್ದರೂ ಅದು ಸಂತಾನಕ್ಕೆ ಬಳಕೆಯಾಯಿತು. ಅದರ ಮರಿಮಗನೇ ಸೋಲನ್ನರಿಯದ ಎಕ್ಲಿಪ್ಸ್. ಇಂದು ಲೋಕದಲ್ಲಿ ಓಡುವ ತಳಿಶುದ್ಧ ಪಂದ್ಯದ ಕುದುರೆಗಳಲ್ಲಿ ಬಹುಪಾಲಿನ ಗಂಡುಪೀಳಿಗೆ ಈ ಎಕ್ಲಿಪ್ಸಿಗೇ ಮುಟ್ಟುತ್ತದೆ. ಬೆಂಗಳೂರಿನ ಮುಂಜಾವಿನಲ್ಲಿ ಉಸಿರುಗರೆಯುತ್ತ ಹೋಗುವ ಕುದುರೆಗಳ ಹಿಂದೆಯೂ ಆ ಹಳೆಯ ನೆರಳು ಓಡುತ್ತಿದೆ.

ದೇಶದೇಶಗಳು ತಮ್ಮ ತಮ್ಮ ದಾರಿ ಹಿಡಿದಿವೆ. ಇಂಗ್ಲೆಂಡ್, ಜಪಾನ್, ಹಾಂಗ್‌ಕಾಂಗುಗಳು ಪಂದ್ಯದ ದಿನ ಈ ಮದ್ದನ್ನು ಒಪ್ಪುವುದಿಲ್ಲ. ಆಸ್ಟ್ರೇಲಿಯದಲ್ಲಿ ಎರಡೂ ಹೊಳ್ಳೆಗಳಿಂದ ರಕ್ತ ಸುರಿಸಿದ ಕುದುರೆಗೆ ಮೂರು ತಿಂಗಳು ಪಂದ್ಯವಿಲ್ಲ; ಎರಡನೆಯ ಸಲ ಹಾಗಾದರೆ ಜನ್ಮಕ್ಕೇ ಇಲ್ಲ. ಅಮೆರಿಕವೂ ಕೊನೆಗೆ ಮನಸ್ಸು ಬದಲಿಸತೊಡಗಿತು. 2020ರಲ್ಲಿ ಅಲ್ಲಿನ ಸಂಸತ್ತು ಮಾಡಿದ ಕಾಯಿದೆಯು ಎರಡು ವರ್ಷದ ಕುದುರೆಗಳಿಗೂ ದೊಡ್ಡ ಪಂದ್ಯಗಳಿಗೂ ಓಟದ ದಿನದ ಮದ್ದನ್ನು ನಿಷೇಧಿಸಿ, ಉಳಿದವುಗಳ ವಿಷಯದಲ್ಲಿ ಅಧ್ಯಯನ ನಡೆಯಲೆಂದು ಅವಕಾಶ ಬಿಟ್ಟಿತು. ಹೆಸರಾಂತ ಕೆಂಟಕಿ ಡರ್ಬಿಯು 2021ರಲ್ಲಿ ಈ ಸೂಜಿಯಿಲ್ಲದೆ ನಡೆಯಿತು. ಆ ವರ್ಷವೇ ಮೊದಲು ಬಂದ ಮೆಡಿನಾ ಸ್ಪಿರಿಟ್ ಎಂಬ ಕುದುರೆಯಲ್ಲಿ ಬೇರೊಂದು ಔಷಧಿ, ಬೆಟಾಮೆಥಸೋನ್, ಕಾಣಿಸಿ, ಮರುವರ್ಷ ಅದರ ಗೆಲುವು ರದ್ದಾದದ್ದು ವಿಧಿಯ ಅಣಕ.

ಬೆಂಗಳೂರು ಇಂಥ ಗೊಂದಲದಿಂದ ದೂರವಿತ್ತೆನ್ನುವಂತಿಲ್ಲ. ಇಲ್ಲಿಯೂ ಓಟದ ಬಳಿಕ ಕುದುರೆಗಳ ಮೂತ್ರ, ರಕ್ತಗಳ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುವ ಕ್ರಮವಿದೆ. 2017ರಲ್ಲಿ ಇಲ್ಲಿ ಗೆದ್ದ ಕ್ವೀನ್ ಲತೀಫಾ ಎಂಬ ಹೆಣ್ಣು ಕುದುರೆಯ ಮಾದರಿಯಲ್ಲಿ ಪ್ರೊಕೇನ್ ಎಂಬ ವಸ್ತು ಕಾಣಿಸಿತು. ಪ್ರಕರಣ ಪೊಲೀಸರವರೆಗೆ ಹೋಗಿ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಪ್ರೊಕೇನ್ ನೋವು ಮರೆಸುವ ಮದ್ದು. ಕುಂಟುವ ಕಾಲು ನೋಯದಿದ್ದರೆ ಕುದುರೆ ಓಡುತ್ತದೆ. ಕಾಲು ಮುರಿಯುವವರೆಗೂ ಓಡುತ್ತದೆ. ಆದರೆ ಇದೇ ವಸ್ತುವನ್ನು ಸಾಮಾನ್ಯ ಪೆನಿಸಿಲಿನ್ ಸೂಜಿಯೊಂದರಲ್ಲಿಯೂ ಬೆರೆಸಿರುತ್ತಾರೆ. ಆದ್ದರಿಂದಲೇ ಲಾಯದ ವೈದ್ಯರು ಗಾಯಕ್ಕೆ ಕೊಟ್ಟ ಔಷಧಿಯ ಲೆಕ್ಕವನ್ನೂ ದಿನ ಎಣಿಸಿ ಇಡಬೇಕಾಗುತ್ತದೆ. ಚಿಕಿತ್ಸೆಗೂ ಮೋಸಕ್ಕೂ ನಡುವಣ ಗೋಡೆ ಎಷ್ಟು ತೆಳುವಾದುದೆಂಬುದನ್ನು ಒಂದು ಹನಿ ಮೂತ್ರ ತೋರಿಸಿಕೊಡುತ್ತದೆ.

ಊರ ಗದ್ದಲದಿಂದ ಹೊರಟು ಪಶ್ಚಿಮಕ್ಕೆ ಸುಮಾರು 70 ಕಿಲೋಮೀಟರು ಹೋದರೆ ಈ ಕಥೆಯ ಇನ್ನೊಂದು ತುದಿ ಸಿಗುತ್ತದೆ. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ಕೆರೆಯ ಊರಿನಲ್ಲಿಯೇ ಕುದುರೆ ಫಾರಂ ಇದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ದಂಡಿನ ಕುದುರೆಗಳಿಗಾಗಿ ಹುಟ್ಟಿದ ಈ ತಾಣ 400ಕ್ಕೂ ಹೆಚ್ಚು ಎಕರೆಗಳಲ್ಲಿ ಹರಡಿದೆ. ಯುದ್ಧದ ಕುದುರೆಗಳು ಹೋಗಿ ಪಂದ್ಯದ ಕುದುರೆಗಳು ಬಂದವು. ಹುಲ್ಲು, ಮರ, ತಾಯಿಯ ಪಕ್ಕ ಅಂಟಿಕೊಂಡು ಓಡುವ ಮರಿ ಇವು ಮಾತ್ರ ಹಾಗೆಯೇ ಉಳಿದವು. ಯಾವ ಕುದುರೆಯನ್ನು ತಂದೆಯಾಗಿ ಆರಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ನಡೆಯುವುದು ಇಂಥ ತಾಣಗಳಲ್ಲಿ. ಮದ್ದಿನ ಬಲದಿಂದ ಗೆದ್ದ ಕುದುರೆಯ ಶ್ವಾಸಕೋಶ ಎಂಥದೆಂದು ಅದರ ಗೆಲುವಿನ ಪಟ್ಟಿ ಹೇಳುವುದಿಲ್ಲ. ವಿರೋಧಿಗಳ ವಾದಕ್ಕೆ ನಿಜವಾದ ತೂಕ ಬರುವುದು ಈ ಹುಲ್ಲುಗಾವಲಿನಲ್ಲಿಯೇ.

ಕುದುರೆಯ ಆರೈಕೆ ಈ ನೆಲಕ್ಕೆ ಹೊಸದಲ್ಲ. ಸಂಸ್ಕೃತದ ಶಾಲಿಹೋತ್ರನ ಹೆಸರಿನಿಂದ ಹರಿದುಬಂದ ವಿದ್ಯೆಯನ್ನು ಅಭಿನವಚಂದ್ರ, ಪದ್ಮಣ ಪಂಡಿತರಂಥವರು ಹಿಂದೆಯೇ ಕನ್ನಡದಲ್ಲಿ ಗ್ರಂಥವಾಗಿಸಿದ್ದರು. ಆಗಿನ ರಾವುತನಿಗೆ ಕುದುರೆಯ ಆರೋಗ್ಯವೆಂದರೆ ತನ್ನ ಪ್ರಾಣ. ಕುದುರೆ ಎಡವಿದರೆ ರಣದಲ್ಲಿ ಅವನೂ ಬೀಳುತ್ತಿದ್ದ. ಇಂದು ಹಣ ಹೂಡಿದವನು ಕಟಾಂಜನದಾಚೆ ನೆರಳಿನಲ್ಲಿ ನಿಂತಿರುತ್ತಾನೆ. ಕುದುರೆ ಬಿದ್ದರೆ ಅದರೊಡನೆ ಬೀಳುವವನು ಜಾಕಿಯೊಬ್ಬನೇ. ರಾತ್ರಿ ಅದರ ಪಕ್ಕ ಕುಳಿತು ಕಾಯುವವನು ಸಯೀಸನೊಬ್ಬನೇ. ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣದಲ್ಲ.

ಸಂಜೆ ಮತ್ತೆ ಹಸಿರು ಮಾರ್ಗದ ಗಾಡಿ ಹತ್ತಿ ಜೆ.ಪಿ. ನಗರಕ್ಕೆ ಮರಳಿದರೆ ದೀಪ ಹತ್ತಿದ ಮನೆಗಳಲ್ಲಿ ಊಟದ ಸಿದ್ಧತೆ ನಡೆದಿರುತ್ತದೆ. ಎಲ್ಲೋ ಒಂದು ಮನೆಯಲ್ಲಿ ಸೊಸೆ ನಾಳೆಯ ಮಾತ್ರೆಗಳನ್ನು ಡಬ್ಬಿಯಲ್ಲಿ ಜೋಡಿಸಿಡುತ್ತ, "ಮಾವ, ಬೆಳಗಿನ ನೀರಿನ ಮಾತ್ರೆ ಮರೆಯಬೇಡಿ" ಎನ್ನುತ್ತಾಳೆ. ಅವರು ಬೇಕೆಂದರೆ ನುಂಗಬಹುದು, ಬೇಡವೆಂದರೆ ವೈದ್ಯರೊಡನೆ ವಾದಿಸಬಹುದು; ಮಾತ್ರೆ ನುಂಗಿದ ಬಳಿಕ ಯಾರೂ ಅವರನ್ನು ಓಡು ಎನ್ನುವುದಿಲ್ಲ, ಆರಾಮಕುರ್ಚಿಯಲ್ಲಿ ಕುಳಿತುಕೊಳ್ಳಿ ಎನ್ನುತ್ತಾರೆ. ಕುದುರೆಗೆ ಈ ಮೂರರಲ್ಲಿ ಒಂದೂ ಇಲ್ಲ. ಔಷಧಿ ಒಂದೇ. ಆದರೆ ಒಬ್ಬರಿಗೆ ಅದು ವಿಶ್ರಾಂತಿಯೊಡನೆ ಬರುತ್ತದೆ, ಇನ್ನೊಬ್ಬರಿಗೆ ವಿಶ್ರಾಂತಿಯ ಬದಲಾಗಿ ಬರುತ್ತದೆ. ಮೈದಾನ ಊರ ನಡುವೆ ಇರಲಿ, ಊರಾಚೆ ಹೋಗಲಿ, ಕುದುರೆಯ ಮೂಗಿನ ಹೊಳ್ಳೆಯನ್ನು ನೋಡಿ 'ಇಂದು ಇದು ಓಡುವುದು ಬೇಡ' ಎನ್ನಬಲ್ಲ ಒಬ್ಬ ಮನುಷ್ಯ ಅಲ್ಲಿ ಇರಬೇಕು. ಅವನ ಮಾತನ್ನು ಕೇಳುವವರೂ ಇರಬೇಕು.